ನಿಮ್ಮ ಊರು ಯಾವ ತಾಲ್ಲೂಕು?

ಯುವಜನರ ಅಂಕಣ: ನಾಡ ಪರಿಚಯ



ತಳೇಗಾಂವದ ಸ್ಟೇಷನ್ ಭಾಗದಲ್ಲಿರಲಿ, ಊರೊಳಗಿನ ಹಳೆಯ ಪೇಟೆಯಲ್ಲಿರಲಿ, ಹೊಸದಾಗಿ ಪರಿಚಯವಾದವರು ನಿಮ್ಮ ಅಡ್ಡಹೆಸರು ಕೇಳಿದ ಕೂಡಲೆ ಮುಂದಿನ ಪ್ರಶ್ನೆ ಹಾಕುತ್ತಾರೆ: “ತುಮಚಂ ಗಾವ ಕುಠಲಂ?” ಎಂದರೆ, ನಿಮ್ಮ ಊರು ಯಾವುದು? ನಿಮ್ಮಲ್ಲಿ ಹೆಚ್ಚಿನವರು ಹುಟ್ಟಿದ್ದು ಇಲ್ಲಿ, ಶಾಲೆ ಕಲಿತದ್ದು ಇಲ್ಲಿ. ಆದರೂ “ತಳೇಗಾಂವ” ಎಂದರೆ ಕೇಳಿದವರಿಗೆ ಸಮಾಧಾನವಾಗುವುದಿಲ್ಲ. “ಹೌದು, ಆದರೆ ಮೂಳ ಗಾವ?” ಎನ್ನುತ್ತಾರೆ. ನೀವು “ಕರ್ನಾಟಕ” ಎನ್ನುತ್ತೀರಿ. “ಕರ್ನಾಟಕದಲ್ಲಿ ಎಲ್ಲಿ?” ಎಂದಾಗ “ಅಲ್ಲೇ, ಬಿಜಾಪುರ ಕಡೆ” ಎಂದೋ “ಉಡುಪಿ ಹತ್ತಿರ” ಎಂದೋ ಹೇಳಿ ಮಾತು ಮುಗಿಸುತ್ತೀರಿ. ಅದಕ್ಕಿಂತ ಮುಂದೆ ಹೋಗಲು ನಿಮಗೆ ದಾರಿ ಗೊತ್ತಿರುವುದಿಲ್ಲ.

ತಪ್ಪು ನಿಮ್ಮದಲ್ಲ. ನಿಮ್ಮ ಶಾಲೆಯ ಭೂಗೋಳದಲ್ಲಿ ಮಹಾರಾಷ್ಟ್ರದ ಜಿಲ್ಲೆಗಳಿದ್ದವು, ಜಗತ್ತಿನ ಖಂಡಗಳಿದ್ದವು. ನಡುವೆ ಇರುವ ನಿಮ್ಮ ಅಜ್ಜನ ತಾಲ್ಲೂಕು ಯಾವ ಪುಟದಲ್ಲೂ ಇರಲಿಲ್ಲ. ಆ ಕೊರತೆಯನ್ನು ಸ್ವಲ್ಪ ತುಂಬಿಸಲು ಈ ಸಲದ ಅಂಕಣ. ಜಿಲ್ಲೆ, ತಾಲ್ಲೂಕು ಎಂದೊಡನೆ ಆಕಳಿಕೆ ಬರಬಹುದು. ಸ್ವಲ್ಪ ತಾಳಿ. ಈ ಗೆರೆಗಳ ಮೇಲೆ ಬಸ್ಸುಗಳಿಗೆ ಮಸಿ ಬಿದ್ದಿದೆ, ಕಾಲೇಜಿನ ಸೀಟು ಸಿಕ್ಕಿದೆ, ಕೋರ್ಟಿನಲ್ಲಿ ದಾವೆ ನಡೆದಿದೆ. ತಿಳಿದಿಟ್ಟುಕೊಳ್ಳುವುದು ಒಳ್ಳೆಯದು.

ಮೊದಲು ನಿಂತ ನೆಲ

ದೂರದ ನಾಡನ್ನು ಅರಿಯಲು ಕಾಲ ಕೆಳಗಿನ ನೆಲದಿಂದಲೇ ಪ್ರಾರಂಭಿಸೋಣ. ತಳೇಗಾಂವ ದಾಭಾಡೆ ಯಾವ ತಾಲ್ಲೂಕಿನಲ್ಲಿದೆ? ಮಾವಳ ತಾಲ್ಲೂಕು. ಅದರ ಮುಖ್ಯ ಕಚೇರಿ ತಳೇಗಾಂವದಲ್ಲಿಲ್ಲ, ಪಕ್ಕದ ವಡಗಾವದಲ್ಲಿದೆ. 1779ರ ಜನವರಿಯಲ್ಲಿ ಇಂಗ್ಲಿಷರ ಸೈನ್ಯ ತಳೇಗಾಂವದವರೆಗೆ ಬಂದು, ಮರಾಠರ ಎದುರು ಸೋತು ಒಪ್ಪಂದ ಮಾಡಿಕೊಂಡದ್ದು ಇದೇ ವಡಗಾವದಲ್ಲಿ. ಮಾವಳ ಪುಣೆ ಜಿಲ್ಲೆಯ 14 ತಾಲ್ಲೂಕುಗಳಲ್ಲಿ ಒಂದು. ಪುಣೆ, ಸಾತಾರಾ, ಸಾಂಗ್ಲಿ, ಸೊಲ್ಲಾಪುರ, ಕೊಲ್ಹಾಪುರ ಈ ಐದು ಜಿಲ್ಲೆಗಳು ಸೇರಿ ಪುಣೆ ವಿಭಾಗ. ಅಂಥ ಆರು ವಿಭಾಗ, 36 ಜಿಲ್ಲೆ ಸೇರಿ ಮಹಾರಾಷ್ಟ್ರ.

ಇದು ಕಂದಾಯ ಇಲಾಖೆಯ ಏಣಿ. ಆದರೆ ಒಂದೇ ಊರಿನ ಮೇಲೆ ಬೇರೆ ಬೇರೆ ಗೆರೆಗಳು ಹಾದುಹೋಗುತ್ತವೆ. ನಲ್ಲಿ ನೀರು, ಕಸ, ಮನೆ ತೆರಿಗೆಗೆ ನಿಮ್ಮ ನಗರಪರಿಷತ್ತು. ಪೊಲೀಸ್ ಠಾಣೆ ಮಾತ್ರ 2018ರಿಂದ ಪಿಂಪ್ರಿ-ಚಿಂಚವಡ ಪೊಲೀಸ್ ಕಮಿಷನರರ ಕೈಕೆಳಗೆ. ಮನೆಯ ಸ್ಕೂಟರಿನ ಮೇಲೆ ಎಂ.ಎಚ್. 14, ಅದೂ ಪಿಂಪ್ರಿ-ಚಿಂಚವಡದ ಸಂಖ್ಯೆ. ಲೋಕಸಭೆಗೆ ಮತ ಹಾಕುವಾಗ ನೀವು ಮಾವಳ ಕ್ಷೇತ್ರದವರು. ಆ ಕ್ಷೇತ್ರ ಸಹ್ಯಾದ್ರಿಯ ಘಾಟು ಇಳಿದು ಕರ್ಜತ, ಪನವೇಲ, ಉರಣದವರೆಗೆ, ಎಂದರೆ ರಾಯಗಡ ಜಿಲ್ಲೆಯ ಸಮುದ್ರತೀರದವರೆಗೆ ಹೋಗುತ್ತದೆ. ಒಂದೇ ಮನೆ, ಎಷ್ಟೊಂದು ನಕಾಶೆ! ಪ್ರತಿಯೊಂದು ಗೆರೆಯೂ ಒಂದು ಕೆಲಸಕ್ಕಾಗಿ ಎಳೆದದ್ದು ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ.

ಇನ್ನು ಊರ ಹೆಸರಿನ ಬಾಲ. ಮರಾಠಾ ಸೇನಾಪತಿಗಳಾದ ದಾಭಾಡೆ ಮನೆತನದ ಊರಾದ್ದರಿಂದ ಇದು ತಳೇಗಾಂವ ದಾಭಾಡೆ. ಇದೇ ಜಿಲ್ಲೆಯ ಶಿರೂರ ತಾಲ್ಲೂಕಿನಲ್ಲಿ ತಳೇಗಾಂವ ಢಮಢೇರೆ ಎಂಬ ಇನ್ನೊಂದು ಊರಿದೆ. ಬಾಲವಿಲ್ಲದಿದ್ದರೆ ಕಾಗದ ಎಲ್ಲಿಗೋ ಹೋಗಿ ಬೀಳುತ್ತದೆ. ನಮ್ಮಲ್ಲೂ ಹಾಗೆಯೇ. “ನಮ್ಮದು ಬಾಗೇವಾಡಿ” ಎಂದರೆ ಸಾಲದು. ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿಯೋ, ಬೆಳಗಾವಿ ಜಿಲ್ಲೆಯ ಹಿರೇಬಾಗೇವಾಡಿಯೋ? ತಾಲ್ಲೂಕು, ಜಿಲ್ಲೆಗಳ ಮೊದಲ ಉಪಯೋಗ ಇದೇ: ಒಂದೇ ಹೆಸರಿನ ಊರುಗಳ ನಡುವೆ ನಿಮ್ಮ ಊರನ್ನು ಗುರುತಿಸುವುದು.

ನೀರಿನ ನಕಾಶೆ

ಕಚೇರಿಗಳಿಗಿಂತ ಬಹಳ ಹಳೆಯದಾದ ಇನ್ನೊಂದು ನಕಾಶೆಯಿದೆ. ಅದನ್ನು ಬರೆದದ್ದು ಬೆಟ್ಟ ಮತ್ತು ನೀರು.

ಲೋಣಾವಳಾದ ಬಳಿ ಸಹ್ಯಾದ್ರಿಯ ನೆತ್ತಿಯಲ್ಲಿ ಮಳೆ ಬೀಳುತ್ತದೆ. ನೆತ್ತಿಯ ಪಶ್ಚಿಮಕ್ಕೆ ಬಿದ್ದ ಹನಿ ಕೊಂಕಣಕ್ಕಿಳಿದು ಅರಬ್ಬೀ ಸಮುದ್ರ ಸೇರುತ್ತದೆ. ಪೂರ್ವಕ್ಕೆ ಬಿದ್ದ ಹನಿ ಇಂದ್ರಾಯಣಿಯಾಗಿ ನಿಮ್ಮ ಊರ ಪಕ್ಕದಿಂದ ದೇಹೂ, ಆಳಂದಿಗಳಿಗೆ ಹೋಗುತ್ತದೆ. ಲೋಣಾವಳಾದ ಕೆರೆಗಳ ನೀರನ್ನು ಮಾತ್ರ ಪೂರ್ವಕ್ಕೆ ಹೋಗಗೊಡದೆ ತಿರುಗಿಸಿ, ಘಾಟಿನ ಕೆಳಗಿನ ಖೋಪೋಲಿಯಲ್ಲಿ 1915ರಿಂದ ಮುಂಬಯಿಗಾಗಿ ವಿದ್ಯುತ್ತು ತೆಗೆಯುತ್ತಿದ್ದಾರೆ.

ಉಳಿದ ನೀರು ಎಲ್ಲಿಗೆ ಹೋಗುತ್ತದೆ? ತುಳಾಪುರದಲ್ಲಿ ಇಂದ್ರಾಯಣಿ ಭೀಮೆಯನ್ನು ಕೂಡುತ್ತದೆ. ಊರ ದಕ್ಷಿಣಕ್ಕೆ ಹರಿಯುವ ಪವನೆಯೂ ಮುಳಾ, ಮುಠೆಗಳ ಜೊತೆಗೂಡಿ ಭೀಮೆಗೇ ಬರುತ್ತದೆ. ಭೀಮೆ ಉಜನಿ ಅಣೆಕಟ್ಟನ್ನು ತುಂಬಿ, ಪಂಢರಪುರದಲ್ಲಿ ಚಂದ್ರಭಾಗೆ ಎನಿಸಿಕೊಂಡು, ಮುಂದೆ ಸೊಲ್ಲಾಪುರ ಮತ್ತು ವಿಜಯಪುರ ಜಿಲ್ಲೆಗಳ ನಡುವೆ ಗಡಿಯಾಗಿ ಹರಿಯುತ್ತದೆ. ಬಳಿಕ ಕಲಬುರಗಿ ಜಿಲ್ಲೆಯ ಗಾಣಗಾಪುರ, ಅಶೋಕನ ಶಾಸನ ದೊರೆತ ಸನ್ನತಿ, ಅಲ್ಲಿಂದ ಯಾದಗಿರಿ. ಕೊನೆಗೆ ರಾಯಚೂರಿನ ಉತ್ತರಕ್ಕೆ ತೆಲಂಗಾಣದ ಗಡಿಯಲ್ಲಿ ಕೃಷ್ಣೆಯ ಪಾಲಾಗುತ್ತದೆ. ನಿಮ್ಮ ಅಜ್ಜ ಭೀಮಾತೀರದವರಾಗಿದ್ದರೆ ಅವರು ಊರಲ್ಲಿ ಈಜು ಕಲಿತ ನೀರಿನಲ್ಲಿ ಮಾವಳದ ಮಳೆಯೂ ಇತ್ತು! ಅವರು ಹೊಳೆಯ ಕೆಳಗಿನಿಂದ ಮೇಲಕ್ಕೆ ಬಂದು ನೆಲೆಸಿದರು, ಅಷ್ಟೆ.

ಇದು ಬರೀ ಚಂದದ ಮಾತಲ್ಲ. 2020ರ ಅಕ್ಟೋಬರಿನಲ್ಲಿ ಭಾರಿ ಮಳೆಯಾಗಿ, ಉಜನಿಯಿಂದಲೂ ನೀರಾ ನದಿಯ ವೀರ ಅಣೆಕಟ್ಟಿನಿಂದಲೂ ನೀರು ಬಿಟ್ಟಾಗ ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳ ಭೀಮಾತೀರದ ಹಳ್ಳಿಗಳು ಮುಳುಗಿದವು. ಒಂದು ರಾಜ್ಯದ ಗೇಟು ತೆರೆದರೆ ಇನ್ನೊಂದು ರಾಜ್ಯದ ಹೊಲ ಮುಳುಗುತ್ತದೆ. ನೀರಿಗೆ ಗಡಿಯ ಕಂಬ ಕಾಣುವುದಿಲ್ಲ.

ನೆಲದ ರಚನೆಯಲ್ಲೂ ಎರಡು ನಾಡುಗಳು ಅಣ್ಣತಮ್ಮಂದಿರು. ಶಾಲೆಯಲ್ಲಿ ನೀವು ಕೊಂಕಣ, ಘಾಟಮಾಥಾ, ದೇಶ ಎಂದು ಕಲಿತಿದ್ದೀರಿ. ಅದನ್ನೇ ದಕ್ಷಿಣಕ್ಕೆ ಎಳೆದರೆ ಕರಾವಳಿ, ಮಲೆನಾಡು, ಬಯಲುಸೀಮೆ ಆಗುತ್ತದೆ. ಸಮುದ್ರದ ಪಕ್ಕದಲ್ಲಿ ಇಕ್ಕಟ್ಟಾದ ಹಸಿರು ಪಟ್ಟಿ: ಕಾರವಾರ, ಉಡುಪಿ, ಮಂಗಳೂರು. ಅದರ ಮೇಲೆ ಮಳೆಯ ಬೆಟ್ಟಸಾಲು: ಶಿರಸಿ, ಆಗುಂಬೆ, ಚಿಕ್ಕಮಗಳೂರು, ಕೊಡಗು. ಅದರಾಚೆ ಮಳೆ ಕಡಿಮೆಯಾಗುತ್ತ ಹೋಗುವ ವಿಶಾಲ ಬಯಲು. ಬಯಲಲ್ಲೂ ಎರಡು ಬಗೆ. ಉತ್ತರಕ್ಕೆ ಜೋಳ ಬೆಳೆವ ಕಪ್ಪು ಎರೆಮಣ್ಣು, ದಕ್ಷಿಣಕ್ಕೆ ರಾಗಿ ಬೆಳೆವ ಕೆಂಪು ಮಣ್ಣು. ಮನೆಯಲ್ಲಿ ಅಜ್ಜಿ ಬಡಿಯುವುದು ಜೋಳದ ರೊಟ್ಟಿಯೋ, ತೊಳಸುವುದು ರಾಗಿ ಮುದ್ದೆಯೋ, ಬಸಿಯುವುದು ಕುಚ್ಚಲಕ್ಕಿ ಗಂಜಿಯೋ ಎಂಬುದರಿಂದಲೇ ನಿಮ್ಮ ಭೂಗೋಳದ ಅರ್ಧ ಉತ್ತರ ಸಿಕ್ಕಿಬಿಡುತ್ತದೆ.

ಒಂದು ಮಾತು ಗಮನಿಸಿ. ಮಲೆನಾಡಿಗೆ ಜಿಲ್ಲಾಧಿಕಾರಿ ಇಲ್ಲ. ಅದರ ಹೆಸರಿನ ಜಿಲ್ಲೆಯೂ ಇಲ್ಲ. ಆದರೂ ಮಲೆನಾಡಿನವರು ತಾವು ಮಲೆನಾಡಿನವರೆಂಬುದನ್ನು ಮರೆಯುವುದಿಲ್ಲ. ಇಲ್ಲಿಯ ಮಾವಳವೂ ಅಂಥದೇ. ಇಂದಿನ ತಾಲ್ಲೂಕಿಗಿಂತ ಹಳೆಯ ಮಾವಳ ಸೀಮೆ ಬಹಳ ದೊಡ್ಡದು, ಹನ್ನೆರಡು ಮಾವಳಗಳೆಂದು ಲೆಕ್ಕ. ಸರ್ಕಾರ ಅದರ ಹೆಸರನ್ನು ಒಂದು ತಾಲ್ಲೂಕಿಗೆ ಇಟ್ಟಿತು. ಸೀಮೆ ಜನರ ಮಾತಿನಲ್ಲಿ ಉಳಿಯಿತು.

ಕಚೇರಿಯ ನಕಾಶೆ

ಈಗ ಕರ್ನಾಟಕದ ಕಚೇರಿಗಳ ನಕಾಶೆಗೆ ಬರೋಣ. 1956ರ ನವೆಂಬರ್ 1ರಂದು ಕನ್ನಡ ಮಾತಾಡುವ ಸೀಮೆಗಳೆಲ್ಲ ಒಂದಾದವು. ಅಲ್ಲಿಯವರೆಗೆ ಕನ್ನಡಿಗರು ಐದು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಹಳೆಯ ಮೈಸೂರು ಒಂದು. ಬೆಳಗಾವಿ, ಬಿಜಾಪುರ, ಧಾರವಾಡ, ಉತ್ತರ ಕನ್ನಡ ಮುಂಬಯಿ ರಾಜ್ಯದಲ್ಲಿ. ಬೀದರ, ಗುಲಬರ್ಗಾ, ರಾಯಚೂರು ಹೈದರಾಬಾದಿನಲ್ಲಿ. ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ ಮದರಾಸಿನಲ್ಲಿ. ಕೊಡಗು ತಾನೇ ಒಂದು ಪುಟ್ಟ ರಾಜ್ಯ. ಬಳ್ಳಾರಿ ಮಾತ್ರ ಮೂರು ವರ್ಷ ಮೊದಲು, 1953ರಲ್ಲಿ, ಮದರಾಸಿನಿಂದ ಮೈಸೂರಿಗೆ ಬಂದಿತ್ತು. ಹೀಗೆ ಕೂಡಿದ ರಾಜ್ಯಕ್ಕೆ ಆಗ 19 ಜಿಲ್ಲೆಗಳು. ಹೆಸರು ಮೈಸೂರು ರಾಜ್ಯವೆಂದೇ ಇತ್ತು. 1973ರ ನವೆಂಬರ್ 1ರಂದು ಅದು ಕರ್ನಾಟಕವಾಯಿತು.

ಈಗ ಜಿಲ್ಲೆಗಳು 31. ಹೆಚ್ಚಾದದ್ದು ಹೇಗೆ? 1986ರಲ್ಲಿ ಬೆಂಗಳೂರು ಗ್ರಾಮಾಂತರ ಬೇರೆಯಾಯಿತು. 1997ರಲ್ಲಿ ಒಮ್ಮೆಗೇ ಏಳು ಹೊಸ ಜಿಲ್ಲೆಗಳು: ಬಾಗಲಕೋಟೆ, ಗದಗ, ಹಾವೇರಿ, ದಾವಣಗೆರೆ, ಕೊಪ್ಪಳ, ಉಡುಪಿ, ಚಾಮರಾಜನಗರ. 2007ರಲ್ಲಿ ರಾಮನಗರ ಮತ್ತು ಚಿಕ್ಕಬಳ್ಳಾಪುರ, 2009ರಲ್ಲಿ ಯಾದಗಿರಿ, 2021ರಲ್ಲಿ ವಿಜಯನಗರ. ಇವೆಲ್ಲ ನಾಲ್ಕು ವಿಭಾಗಗಳಲ್ಲಿ ಸೇರಿವೆ: ಬೆಂಗಳೂರು ವಿಭಾಗದಲ್ಲಿ 9, ಮೈಸೂರು ವಿಭಾಗದಲ್ಲಿ 8, ಬೆಳಗಾವಿ ಮತ್ತು ಕಲಬುರಗಿ ವಿಭಾಗಗಳಲ್ಲಿ ತಲಾ 7. ಪುಣೆಯ ಕಡೆಗೆ ಬಂದ ಬಹಳ ಮನೆಗಳು ಈ ಕೊನೆಯ ಎರಡು ವಿಭಾಗಗಳವು. ಆದ್ದರಿಂದ ಅವನ್ನು ಬಾಯಿಪಾಠ ಮಾಡಿ. ಬೆಳಗಾವಿ ವಿಭಾಗ: ಬೆಳಗಾವಿ, ವಿಜಯಪುರ, ಬಾಗಲಕೋಟೆ, ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ. ಕಲಬುರಗಿ ವಿಭಾಗ: ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ.

ನಿಮ್ಮ ಮನೆಯ ಹಳೆಯ ಕಾಗದಗಳನ್ನು ಓದುವಾಗ ಈ ವರ್ಷಗಳು ನೆನಪಿರಲಿ. ಅಜ್ಜನ ಶಾಲಾ ದಾಖಲೆಯಲ್ಲಿ “ಬಿಜಾಪುರ ಜಿಲ್ಲೆ, ಬಾದಾಮಿ ತಾಲ್ಲೂಕು” ಎಂದಿರುತ್ತದೆ. ಊರಲ್ಲೇ ಉಳಿದ ಚಿಕ್ಕಪ್ಪನ ಮಕ್ಕಳ ದಾಖಲೆಯಲ್ಲಿ “ಬಾಗಲಕೋಟೆ ಜಿಲ್ಲೆ” ಎಂದಿರುತ್ತದೆ. ಎರಡೂ ಸರಿಯೇ. ಊರು ಅಲ್ಲೇ ಇದೆ, ಜಿಲ್ಲೆ ಬದಲಾಗಿದೆ. ವಿಜಯಪುರ ಜಿಲ್ಲೆಯಲ್ಲಿ ಬಹುಕಾಲ ಐದೇ ತಾಲ್ಲೂಕುಗಳಿದ್ದವು. ಈಚಿನ ವರ್ಷಗಳಲ್ಲಿ ಚಡಚಣ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ, ತಿಕೋಟಾ ಮೊದಲಾದ ಹೊಸ ತಾಲ್ಲೂಕುಗಳಾಗಿವೆ. ಅಪ್ಪ “ಇಂಡಿ ತಾಲ್ಲೂಕು” ಎಂದು ಹೇಳುತ್ತಿದ್ದ ಹಳ್ಳಿ ಈಗ ಚಡಚಣದಲ್ಲಿರಬಹುದು. ಕಾಗದ ಬರೆಯುವ ಮುಂಚೆ ವಿಚಾರಿಸಿ.

ಹರಪನಹಳ್ಳಿಯ ಕಥೆಯಂತೂ ಸ್ವಾರಸ್ಯವಾಗಿದೆ. ಅದು 1953ರವರೆಗೆ ಮದರಾಸು ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆಮೇಲೆ ಮೈಸೂರು ರಾಜ್ಯದ ಬಳ್ಳಾರಿ ಜಿಲ್ಲೆ. 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು. ಕೆಲವು ವರ್ಷಗಳ ಹಿಂದೆ ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆಗೆ ಹೋಯಿತು. ಅಲ್ಲಿ ತೊಂಬತ್ತು ದಾಟಿದ ಒಬ್ಬ ಅಜ್ಜಿ ತನ್ನ ಅಂಗಳ ಬಿಟ್ಟು ಕದಲದೆಯೇ ಎರಡು ರಾಜ್ಯ, ಮೂರು ಜಿಲ್ಲೆಗಳನ್ನು ನೋಡಿರುತ್ತಾಳೆ!

ಮಾತಿನಲ್ಲಿ ಉಳಿದ ಮುಂಬಯಿ

ಹಳೆಯ ಗೆರೆ ಅಳಿಸಿದರೂ ಅದರ ಗುರುತು ಜನರ ಬಾಯಲ್ಲಿ ಉಳಿಯುತ್ತದೆ. ತಳೇಗಾಂವದಲ್ಲಿ ಹೊಲದ ದಾಖಲೆಗೆ “ಸಾತ್-ಬಾರಾ ಉತಾರಾ” ಎನ್ನುತ್ತಾರೆ. ಧಾರವಾಡ, ಬೆಳಗಾವಿ ಕಡೆಯ ರೈತರೂ “ಉತಾರ” ಎನ್ನುತ್ತಾರೆ. ಮೈಸೂರು ಕಡೆ ಹೋಗಿ “ಉತಾರ” ಎಂದರೆ ಮುಖ ನೋಡುತ್ತಾರೆ. ಅಲ್ಲಿ ಅದು “ಪಹಣಿ”. ನಿಮ್ಮ ಅಪಾರ್ಟ್‌ಮೆಂಟಿನ ಖರೀದಿ ಪತ್ರದಲ್ಲಿ ಸಿ.ಟಿ.ಎಸ್. ನಂಬರು ಇದ್ದರೆ, ಹುಬ್ಬಳ್ಳಿ, ಬೆಳಗಾವಿಯ ಮನೆಗಳಿಗೂ ಅದೇ ಸಿ.ಟಿ.ಎಸ್. ನಂಬರು. ಬೆಂಗಳೂರಿನವರು “ಖಾತಾ” ಎಂದು ಕೇಳುತ್ತಾರೆ. ಹಳ್ಳಿಯ ಲೆಕ್ಕ ಬರೆಯುವವನು ಮೈಸೂರು ಸೀಮೆಯಲ್ಲಿ ಶಾನುಭೋಗ, ಉತ್ತರದಲ್ಲಿ ಕುಲಕರ್ಣಿ. ನಿಮ್ಮ ಗೆಳೆಯರಲ್ಲಿ ಕುಲಕರ್ಣಿ, ಪಾಟೀಲ, ದೇಸಾಯಿ, ದೇಶಪಾಂಡೆ ಎಂಬ ಅಡ್ಡಹೆಸರಿನವರು ಮರಾಠಿಗರಲ್ಲೂ ಇದ್ದಾರೆ, ಕನ್ನಡಿಗರಲ್ಲೂ ಇದ್ದಾರೆ. ಅವು ಒಂದು ಕಾಲದ ಹುದ್ದೆಗಳ ಹೆಸರು. ಆಡಳಿತದ ಭೂಗೋಳ ನಿಮ್ಮ ಅಡ್ಡಹೆಸರಿನಲ್ಲೇ ಕುಳಿತಿರಬಹುದು.

ಇದಕ್ಕೆ ಕಾರಣ ಸರಳ. ಇಂಗ್ಲಿಷರ ಮುಂಬಯಿ ಪ್ರಾಂತದಲ್ಲಿ ಪುಣೆ ಮಧ್ಯ ವಿಭಾಗದ ಮುಖ್ಯ ಊರು, ಬೆಳಗಾವಿ ದಕ್ಷಿಣ ವಿಭಾಗದ ಮುಖ್ಯ ಊರು. ಎರಡಕ್ಕೂ ಒಂದೇ ಸರ್ಕಾರ, ಒಂದೇ ಕಂದಾಯ ಕಾನೂನು. 1917ರಲ್ಲಿ ಧಾರವಾಡಕ್ಕೆ ಕರ್ನಾಟಕ ಕಾಲೇಜು ಬರುವವರೆಗೆ ಆ ಕಡೆಯ ಹುಡುಗರು ಪದವಿಗಾಗಿ ಪುಣೆಗೋ ಮುಂಬಯಿಗೋ ಬರಬೇಕಿತ್ತು. ಕರ್ನಾಟಕ ಏಕೀಕರಣಕ್ಕಾಗಿ ಬಾಳು ಸವೆಸಿದ ಆಲೂರು ವೆಂಕಟರಾಯರು ಓದಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ವರಕವಿ ಬೇಂದ್ರೆಯವರು ಓದಿದ್ದೂ ಅಲ್ಲಿಯೇ. ಬೇರೆ ಪ್ರಾಂತದ ನೆರಳಲ್ಲಿ ಓದುತ್ತ ಕನ್ನಡವನ್ನು ಕಂಡುಕೊಂಡವರು ನಿಮಗಿಂತ ಮೊದಲೂ ಇದ್ದರು ಎಂಬುದಕ್ಕೆ ಇಷ್ಟು ಸಾಕು.

ನಮ್ಮಲ್ಲಿ ಮಾತ್ರವೆ?

ಗೆರೆಗಳು ಹೀಗೆ ಅಳಿದು ಮೂಡುವುದು ನಮ್ಮ ದೇಶದ ಚಾಳಿ ಮಾತ್ರವೇ ಎಂದು ನೀವು ಕೇಳಬಹುದು. ಯೂರೋಪಿನ ಆಗ್ನೇಯ ಮೂಲೆಯಲ್ಲಿ, ಕಪ್ಪು ಸಮುದ್ರದ ದಂಡೆಯಲ್ಲಿರುವ ರುಮೇನಿಯಾವನ್ನು ನೋಡಿ. ವಿಸ್ತಾರ ಸುಮಾರು 2,38,000 ಚದರ ಕಿಲೋಮೀಟರು, ನಮ್ಮ ಕರ್ನಾಟಕಕ್ಕಿಂತ (1,91,791) ಸ್ವಲ್ಪ ದೊಡ್ಡದು. ನಡುವೆ ಕಾರ್ಪೇಥಿಯನ್ ಬೆಟ್ಟಗಳು ಕೊಡಲಿಯ ಅಲಗಿನಂತೆ ಬಾಗಿ ನಿಂತಿವೆ. ಬಾಗಿನ ಒಳಗೆ ಟ್ರಾನ್ಸಿಲ್ವೇನಿಯಾ, ದಕ್ಷಿಣಕ್ಕೆ ವಲೇಕಿಯಾ, ಪೂರ್ವಕ್ಕೆ ಮೊಲ್ಡೇವಿಯಾ. ದಕ್ಷಿಣದ ಗಡಿಯಲ್ಲಿ ಬಹುದೂರ ಡ್ಯಾನ್ಯೂಬ್ ನದಿ.

ನಮ್ಮ ಹಾಗೆಯೇ ಅವರದೂ ತುಂಡುಗಳನ್ನು ಕೂಡಿಸಿದ ನಾಡು. ವಲೇಕಿಯಾ ಮತ್ತು ಮೊಲ್ಡೇವಿಯಾ 1859ರಲ್ಲಿ ಒಬ್ಬನೇ ಅರಸನ ಕೆಳಗೆ ಬಂದವು. ಆಸ್ಟ್ರಿಯಾ-ಹಂಗೆರಿಯಲ್ಲಿದ್ದ ಟ್ರಾನ್ಸಿಲ್ವೇನಿಯಾ 1918ರಲ್ಲಿ ಸೇರಿತು. ನಮಗೆ ನವೆಂಬರ್ 1 ಇದ್ದಂತೆ ಅವರಿಗೆ ಡಿಸೆಂಬರ್ 1 ನಾಡಹಬ್ಬ. ಅವರ ಜಿಲ್ಲೆಗೆ “ಜುದೆತ್ಸ್” ಎಂದು ಹೆಸರು. 1950ರಲ್ಲಿ ಕಮ್ಯುನಿಸ್ಟ್ ಸರ್ಕಾರ ರಷ್ಯದ ಮಾದರಿಯಲ್ಲಿ ಜಿಲ್ಲೆಗಳನ್ನೇ ರದ್ದು ಮಾಡಿ ದೊಡ್ಡ ಪ್ರದೇಶಗಳನ್ನು ಮಾಡಿತು. 1968ರಲ್ಲಿ ಮತ್ತೆ ಜಿಲ್ಲೆಗಳು ಬಂದವು. ಈಗ 41 ಜಿಲ್ಲೆ ಮತ್ತು ರಾಜಧಾನಿ ಬುಖಾರೆಸ್ಟ್. ಅಲ್ಲಿ ಜನ 2021ರ ಗಣತಿಯಂತೆ ಸುಮಾರು 1.9 ಕೋಟಿ. ಕರ್ನಾಟಕದಲ್ಲಿ 2011ರ ಗಣತಿಯಲ್ಲೇ 6.11 ಕೋಟಿ. ನಮ್ಮ ಒಬ್ಬ ಜಿಲ್ಲಾಧಿಕಾರಿಯ ಹೆಗಲ ಮೇಲಿನ ಭಾರ ಎಷ್ಟೆಂದು ಲೆಕ್ಕ ಹಾಕಿ ನೋಡಿ.

ಇನ್ನೊಂದು ಹೋಲಿಕೆ ಮುಖ್ಯವಾದದ್ದು. ಟ್ರಾನ್ಸಿಲ್ವೇನಿಯಾ, ವಲೇಕಿಯಾಗಳಿಗೆ ಇಂದು ಕಚೇರಿ ಇಲ್ಲ, ಅಧಿಕಾರಿ ಇಲ್ಲ. ಆದರೂ ಅಲ್ಲಿಯವರು ತಮ್ಮ ಸೀಮೆಯ ಹೆಸರನ್ನೇ ಹೇಳುತ್ತಾರೆ. 1998ರಲ್ಲಿ ಅಲ್ಲಿ ಎಂಟು ಅಭಿವೃದ್ಧಿ ಪ್ರದೇಶಗಳನ್ನು ಮಾಡಿದರು. ಅವಕ್ಕೆ ಸ್ವಂತ ಸರ್ಕಾರವಿಲ್ಲ. ಹಣ ಹಂಚಿಕೆಗೆ, ಅಂಕಿಸಂಖ್ಯೆಗೆ ಮಾತ್ರ ಉಪಯೋಗ. ನಮ್ಮ ಹೈದರಾಬಾದ್ ಕರ್ನಾಟಕ 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು, ಮುಂಬಯಿ ಕರ್ನಾಟಕ 2021ರಲ್ಲಿ ಕಿತ್ತೂರು ಕರ್ನಾಟಕವಾಯಿತು. ಇವುಗಳಲ್ಲಿ ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371 ಜೆ ವಿಧಿಯ ಬಲವಿದೆ. ಆ ಏಳು ಜಿಲ್ಲೆಗಳವರಿಗೆ ಅಲ್ಲಿಯ ಕಾಲೇಜುಗಳಲ್ಲಿ, ನೌಕರಿಗಳಲ್ಲಿ ಮೀಸಲಾತಿ ಉಂಟು. ಮದರಾಸಿನಿಂದ ಬಂದ ಬಳ್ಳಾರಿಯೂ ಅದರಲ್ಲಿದೆ, ಅದು ಹೈದರಾಬಾದಿನಿಂದ ಬಂದದ್ದಲ್ಲ! ಹಳೆಯ ನೆನಪಿನ ಹೆಸರು, ಹೊಸ ಅಗತ್ಯದ ಗೆರೆ. ಜಿಲ್ಲೆಯ ಹೆಸರು ಬರೀ ಅಂಚೆ ವಿಳಾಸವಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಗೆರೆ ಎಳೆಯುವ ಲೆಕ್ಕ

ಈಗ ಕಷ್ಟದ ಮಾತು. 2022ರ ಡಿಸೆಂಬರಿನಲ್ಲಿ ಗಡಿಯ ಗಲಾಟೆ ಎದ್ದಾಗ ಕರ್ನಾಟಕದಲ್ಲಿ ಮಹಾರಾಷ್ಟ್ರದ ವಾಹನಗಳಿಗೆ ಕಲ್ಲು ಬಿದ್ದವು, ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ಅಂಥ ದಿನಗಳಲ್ಲಿ ಕಾಲೇಜಿನ ಕ್ಯಾಂಟೀನಿನಲ್ಲಿ “ಬೆಳಗಾವಿ ಯಾರದು? ನೀನು ಹೇಳು” ಎಂದು ಯಾರಾದರೂ ನಿಮ್ಮ ಕಡೆ ತಿರುಗಿದರೆ ಏನು ಹೇಳುತ್ತೀರಿ? ಕೂಗಾಡುವುದು ಬೇಡ. ನಾಚಿ ತಲೆ ತಗ್ಗಿಸುವುದೂ ಬೇಡ. ಜಗಳದ ಮೂಲವನ್ನು ತಿಳಿದಿರಿ.

ಮೂಲ ಇಷ್ಟೆ: ಯಾವುದನ್ನು ಎಣಿಸಬೇಕು? ಜಿಲ್ಲೆಯನ್ನೋ, ತಾಲ್ಲೂಕನ್ನೋ, ಹಳ್ಳಿಯನ್ನೋ? 1956ರಲ್ಲಿ ರಾಜ್ಯಗಳನ್ನು ಮಾಡುವಾಗ ಸಾಮಾನ್ಯವಾಗಿ ಇಡೀ ಜಿಲ್ಲೆಯನ್ನು ಘಟಕವಾಗಿ ಹಿಡಿದರು. ಬೆಳಗಾವಿ ಜಿಲ್ಲೆಯಲ್ಲಿ ಕನ್ನಡ ಹೆಚ್ಚು. ಆದ್ದರಿಂದ ಚಂದಗಡ ತಾಲ್ಲೂಕನ್ನು ಮಾತ್ರ ಬಿಟ್ಟು ಉಳಿದದ್ದು ಮೈಸೂರು ರಾಜ್ಯಕ್ಕೆ ಬಂತು. ಮಹಾರಾಷ್ಟ್ರ ಹಳ್ಳಿಯನ್ನೇ ಘಟಕವಾಗಿ ಹಿಡಿಯಬೇಕೆಂದು ವಾದಿಸಿತು. ಹಳ್ಳಿ ಹಳ್ಳಿಯಾಗಿ ಎಣಿಸಿದರೆ ಗಡಿಯ ಈಚೆ ಮರಾಠಿ ಹಳ್ಳಿಗಳೂ ಸಿಗುತ್ತವೆ, ಗಡಿಯ ಆಚೆ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದಲ್ಲಿ ಕನ್ನಡ ಹಳ್ಳಿಗಳೂ ಸಿಗುತ್ತವೆ. 1966ರಲ್ಲಿ ನೇಮಕವಾದ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಬೆಳಗಾವಿ ನಗರ ಇದ್ದಲ್ಲೇ ಇರಲಿ, ನಿಪ್ಪಾಣಿ, ಖಾನಾಪುರ ಮೊದಲಾದವು ಮಹಾರಾಷ್ಟ್ರಕ್ಕೆ ಹೋಗಲಿ, ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಕನ್ನಡ ಭಾಗಗಳು ಇತ್ತ ಬರಲಿ, ಕಾಸರಗೋಡೂ ಬರಲಿ ಎಂದಿತು. ಕರ್ನಾಟಕ ವರದಿಯನ್ನು ಹಿಡಿದು ನಿಂತಿತು, ಮಹಾರಾಷ್ಟ್ರ ಒಪ್ಪಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು.

ತೀರ್ಪು ಕೊಡುವವರು ಕೊಡಲಿ. ನೀವು ಗಮನಿಸಬೇಕಾದದ್ದು ಇದು: ಗೆರೆಯನ್ನು ಎಲ್ಲಿ ಎಳೆದರೂ ಅದರ ಎರಡೂ ಕಡೆ ಇನ್ನೊಂದು ಮಾತಿನವರು ಉಳಿದೇ ಉಳಿಯುತ್ತಾರೆ. ಅಕ್ಕಲಕೋಟೆಯ ಕನ್ನಡಿಗನಿಗೆ ಕನ್ನಡ ಶಾಲೆ ಬೇಕು, ಖಾನಾಪುರದ ಮರಾಠಿಗನಿಗೆ ಮರಾಠಿ ಶಾಲೆ ಬೇಕು. ಒಬ್ಬನಿಗೆ ನ್ಯಾಯ ಕೇಳುವವನು ಇನ್ನೊಬ್ಬನಿಗೆ ಇಲ್ಲವೆನ್ನಲಾರ. ಎರಡೂ ಮಾತು ಬಲ್ಲ ನೀವು, ಇಲ್ಲಿ ಹುಟ್ಟಿ ಅಲ್ಲಿಯ ಬೇರುಳ್ಳ ನೀವು, ಇದನ್ನು ಇತರರಿಗಿಂತ ಚೆನ್ನಾಗಿ ಹೇಳಬಲ್ಲಿರಿ. ಆದರೆ ಹೇಳಬೇಕಾದರೆ ವಿಷಯ ಗೊತ್ತಿರಬೇಕು. “ಅಲ್ಲೇ ಎಲ್ಲೋ ಬಿಜಾಪುರ ಕಡೆ” ಎನ್ನುವವನ ಮಾತಿಗೆ ಯಾರು ಬೆಲೆ ಕೊಟ್ಟಾರು?

ಮನೆಗೆಲಸ

ಮುಂದಿನ ಸಂಚಿಕೆಯ ಒಳಗೆ ಒಂದು ಹಾಳೆ ತೆಗೆದುಕೊಂಡು ಮನೆಯ ಹಿರಿಯರ ಪಕ್ಕ ಕುಳಿತುಕೊಳ್ಳಿ. ಅಜ್ಜ ಅಜ್ಜಿ ಇದ್ದರೆ ಅವರನ್ನೇ ಕೇಳಿ. ಇದು ನಾಳೆ ಮಾಡೋಣ ಎನ್ನುವ ಕೆಲಸವಲ್ಲ. ಕಂಪ್ಯೂಟರಿನಲ್ಲಿ ಜಿಲ್ಲೆಯ ಹೆಸರು ಎಂದಾದರೂ ಸಿಗುತ್ತದೆ. ಹೊಲದ ಪಕ್ಕದ ಹಳ್ಳದ ಹೆಸರು ಅಜ್ಜಿಗೆ ಮಾತ್ರ ಗೊತ್ತು. ಹೀಗೆ ಬರೆಯಿರಿ:

1. ಊರ ಹೆಸರು. ಅದೇ ಹೆಸರಿನ ಬೇರೆ ಊರು ಉಂಟೇ?
2. ಹೋಬಳಿ. ಈ ಮಾತು ನಿಮಗೆ ಹೊಸದಿರಬಹುದು. ತಾಲ್ಲೂಕಿಗಿಂತ ಚಿಕ್ಕದು, ಹಲವು ಹಳ್ಳಿಗಳ ಗುಂಪು. ಮಹಾರಾಷ್ಟ್ರದ “ಮಂಡಲ”ದ ಹಾಗೆ.
3. ತಾಲ್ಲೂಕು: ಅಜ್ಜನ ಕಾಲದ್ದು ಮತ್ತು ಇಂದಿನದು.
4. ಜಿಲ್ಲೆ: 1956ಕ್ಕೆ ಮೊದಲು, 1997ಕ್ಕೆ ಮೊದಲು, ಇಂದು. ವಾಹನದ ಸಂಖ್ಯೆಯನ್ನೂ ಬರೆಯಿರಿ. ಬೆಳಗಾವಿ ಕೆ.ಎ. 22, ವಿಜಯಪುರ 28, ಕಲಬುರಗಿ 32, ಉಡುಪಿ 20.
5. 1956ಕ್ಕೆ ಮೊದಲು ಊರು ಯಾವ ಆಡಳಿತದಲ್ಲಿತ್ತು?
6. ಊರ ಹತ್ತಿರದ ಹೊಳೆ ಅಥವಾ ಹಳ್ಳ. ಅದು ಯಾವ ನದಿಗೆ, ಕೊನೆಗೆ ಯಾವ ಸಮುದ್ರಕ್ಕೆ ಹೋಗುತ್ತದೆ?
7. ಮಣ್ಣಿನ ಬಣ್ಣ, ಮುಖ್ಯ ಬೆಳೆ.
8. ಸಂತೆಯ ಊರು ಮತ್ತು ಸಂತೆಯ ವಾರ.

ಇದೇ ಎಂಟು ಸಾಲನ್ನು ಹಾಳೆಯ ಹಿಂಬದಿಯಲ್ಲಿ ತಳೇಗಾಂವಕ್ಕೂ ಬರೆಯಿರಿ. ನೀವು ಎರಡು ಊರಿನವರು, ಎರಡೂ ಪುಟ ತುಂಬಬೇಕು.

ಜೊತೆಗೊಂದು ಒಗಟು. ಕರ್ನಾಟಕದ ಜಿಲ್ಲೆಗಳಿಗೆ ಸಾಮಾನ್ಯವಾಗಿ ಅವುಗಳ ಮುಖ್ಯ ಪಟ್ಟಣದ ಹೆಸರೇ ಇರುತ್ತದೆ. ಬೆಂಗಳೂರಿನ ಹೆಸರು ಹೊತ್ತ ಜಿಲ್ಲೆಗಳನ್ನು ಬಿಟ್ಟರೆ ನಾಲ್ಕು ಜಿಲ್ಲೆಗಳ ಹೆಸರು ಬೇರೆ, ಮುಖ್ಯ ಪಟ್ಟಣದ ಹೆಸರು ಬೇರೆ. ಅವು ಯಾವುವು, ಅವುಗಳ ಮುಖ್ಯ ಪಟ್ಟಣಗಳು ಯಾವುವು? ಮೂರಕ್ಕೆ ಉತ್ತರ ಕರಾವಳಿಯಲ್ಲೂ ಕಾಫಿ ತೋಟದಲ್ಲೂ ಸಿಗುತ್ತದೆ. ನಾಲ್ಕನೆಯದರ ವರ್ಷವನ್ನು ಈ ಲೇಖನದಲ್ಲೇ ಹೇಳಿದ್ದಾಗಿದೆ.

ಹಾಳೆ ತುಂಬಿದವರು ಸಂಘದ ಮುಂದಿನ ಕೂಟಕ್ಕೆ ತನ್ನಿ. ಗೋಡೆಯ ಮೇಲೆ ಒಂದು ದೊಡ್ಡ ನಕಾಶೆ ತೂಗುಹಾಕಿ, ಪ್ರತಿ ಮನೆಯ ಊರಿಗೂ ಒಂದೊಂದು ಗುಂಡುಪಿನ್ನು ಚುಚ್ಚೋಣ. ಎಷ್ಟು ಪಿನ್ನುಗಳು ಭೀಮೆಯ ದಂಡೆಯಲ್ಲಿ ಬೀಳುತ್ತವೆ, ಎಷ್ಟು ಕೃಷ್ಣೆ, ಮಲಪ್ರಭೆಯರ ದಂಡೆಯಲ್ಲಿ, ಎಷ್ಟು ಸಮುದ್ರದ ಅಂಚಿನಲ್ಲಿ ಎಂಬುದನ್ನು ಎಲ್ಲರೂ ಸೇರಿ ಎಣಿಸೋಣ.